ರೇಡಿಯಲ್ ಆರ್ಮ್ ಸಾ ಎಳೆಯುವಾಗ ಮೈಮೇಲೆ ನುಗ್ಗಿ ಬರುತ್ತೆ, ತಪ್ಪು ನನ್ನದಾ ಮಷೀನಿಂದಾ?

ಭಾಗ್ಯನಗರ ಬಡಿಗ (ಕೊಪ್ಪಳ) – ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಒಂದು ಹಳೇ ರೇಡಿಯಲ್ ಆರ್ಮ್ ಸಾ ತಂದೆ. ಮುಚ್ಚಿಹೋದ ಬಾಗಿಲು ಕಾರ್ಖಾನೆಯ ಮಾಲು. 14 ಇಂಚಿನ ಬ್ಲೇಡ್, 3 ಎಚ್‌ಪಿ, ಮೂರು ಫೇಸ್. ನೋಡದವರಿಗೆ ಹೇಳುತ್ತೇನೆ: ಮೇಜಿನ ಹಿಂದೆ ಒಂದು ಕಂಬ, ಕಂಬದಿಂದ ಮುಂದಕ್ಕೆ ಚಾಚಿದ ಒಂದು ತೋಳು, ಆ ತೋಳಿಗೆ ಮೋಟಾರೂ ಬ್ಲೇಡೂ ಸೇರಿ ತೂಗುತ್ತಿರುತ್ತವೆ. ಕಟ್ಟಿಗೆ ಕೂತಲ್ಲೇ ಕೂತಿರುತ್ತದೆ, ಗರಗಸ ಓಡಾಡುತ್ತದೆ.

ಮೊನ್ನೆ ಶುಕ್ರವಾರ ಬೇವಿನ ಚೌಕಟ್ಟು ಕೊಯ್ಯುತ್ತಿದ್ದೆ. 4 ಇಂಚು ಅಗಲ, ಎರಡೂವರೆ ಇಂಚು ದಪ್ಪ. ಎಡಗೈಲಿ ಕಟ್ಟಿಗೆ ಒತ್ತಿ ಹಿಡಿದು ಬಲಗೈಲಿ ಹ್ಯಾಂಡಲ್ ಎಳೆದೆ. ಅರ್ಧ ಕೊಯ್ದಿತ್ತು. ಒಮ್ಮೆಲೇ ಇಡೀ ಮೋಟಾರು ನನ್ನ ಕಡೆ ನುಗ್ಗಿತು. ನಾನು ಎಳೆದದ್ದಲ್ಲ, ಅದೇ ಬಂತು. ಬ್ಲೇಡು ಕಟ್ಟಿಗೆ ಮೇಲೆ ಹತ್ತಿ ಸಿಕ್ಕಿಕೊಂಡು ಗುಂಯ್ ಅಂತ ನಿಂತಿತು, ಎಂಸಿಬಿ ಬಿತ್ತು. ನನ್ನ ಎಡಗೈ ಒಂದು ಗೇಣು ದೂರದಲ್ಲಿತ್ತು ಅಷ್ಟೇ.

ಅಪ್ಪ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಎದ್ದು ಬಂದವರು ಒಂದು ಮಾತೂ ಆಡಲಿಲ್ಲ. ಮೇನ್ ಸ್ವಿಚ್ ಇಳಿಸಿ, ತಮ್ಮ ಕೈಗರಗಸ ತಂದು ಮೇಜಿನ ಮೇಲೆ ಇಟ್ಟು ಹೋದರು.

ಇನ್ನೂ 18 ಚೌಕಟ್ಟು ಬಾಕಿ ಇವೆ. ಇದು ಯಾಕೆ ಹೀಗೆ ಮಾಡುತ್ತದೆ? ಉದ್ದ ಸೀಳೋದಕ್ಕೂ, 45 ಡಿಗ್ರಿಗೂ ಇದನ್ನೇ ನಂಬಬಹುದಾ?

ಗಂಗಾವತಿ ಪ್ಲೈ – ಭಾನುವಾರ, ರಾತ್ರಿ 10:05

ಅಣ್ಣಾ, ಸುಮ್ನೆ ಗುಜರಿಗೆ ಹಾಕಿ. ಸ್ಲೈಡಿಂಗ್ ಮೈಟರ್ ಸಾ ತಗೊಳ್ಳಿ, ಬ್ಲೇಡನ್ನು ಮೇಲಿಂದ ಇಳಿಸಿ ತಳ್ಳಿ ಕೊಯ್ಯೋದು. ಈಗ ಎಲ್ಲರ ಹತ್ತಿರಾನೂ ಅದೇ ಇದೆ. ಈ ತೋಳಿನ ಮಷೀನು ನಮ್ಮ ಅಪ್ಪಂದಿರ ಕಾಲದ್ದು.

ಮೂಲೆಮಟ್ಟ (ಬಳ್ಳಾರಿ) – ಭಾನುವಾರ, ರಾತ್ರಿ 10:48

ತಮ್ಮಾ ಗಂಗಾವತಿ, ನಾನು ಆ ಅಪ್ಪಂದಿರ ಕಾಲದವನೇ. ಒಂದು ಫೌಂಡ್ರಿಗೆ ಕಟ್ಟಿಗೆಯ ಅಚ್ಚು ಮಾಡಿಕೊಡುವ ಪ್ಯಾಟರ್ನ್ ಶಾಪ್‌ನಲ್ಲಿ 26 ವರ್ಷ ಈ ಮಷೀನಿನ ಮುಂದೆ ನಿಂತಿದ್ದೇನೆ. ಹತ್ತೂ ಬೆರಳು ಇವೆ. ಗುಜರಿಗೆ ಹಾಕುವ ಮಾತು ಆಮೇಲೆ ಆಡೋಣ.

ಭಾಗ್ಯನಗರದ ತಮ್ಮಾ, ಮೊದಲು ಒಂದು ಕೆಲಸ ಮಾಡು. ಮೇನ್ ಇಳಿಸು, ಪ್ಲಗ್ ಕೀಳು. ಬ್ಲೇಡನ್ನು ಕೈಯಿಂದ ನಿಧಾನ ತಿರುಗಿಸಿ ನೋಡು. ನಿನ್ನ ಕಡೆ ಇರುವ ಹಲ್ಲುಗಳು ಮೇಲಿಂದ ಕೆಳಕ್ಕೆ ಇಳಿಯಬೇಕು, ಕೆಳಗೆ ಬಂದಮೇಲೆ ಫೆನ್ಸ್ (ಮೇಜಿನ ಹಿಂದೆ ಕಟ್ಟಿಗೆ ಆನಿಸುವ ಪಟ್ಟಿ) ಕಡೆಗೆ ಓಡಬೇಕು. ಸರಿಯಾದ ದಿಕ್ಕು ಅದೇ. ಹಾಗೆ ತಿರುಗಿದರೆ ಹಲ್ಲು ಕಟ್ಟಿಗೆಯನ್ನು ಮೇಜಿಗೂ ಫೆನ್ಸಿಗೂ ಒತ್ತುತ್ತದೆ. ಅದು ಒಳ್ಳೇದು.

ಆದರೆ ಅದೇ ದಿಕ್ಕು ಇನ್ನೊಂದು ಕೆಲಸಾನೂ ಮಾಡುತ್ತದೆ. ನೆಲದ ಮೇಲೆ ನಿನ್ನ ಕಡೆ ಉರುಳಿ ಬರುವ ಗಾಲಿಯನ್ನು ನೆನಸಿಕೋ. ಮುಂದಿನ ಭಾಗ ಕೆಳಗಿಳಿಯುತ್ತದೆ, ತಳ ಹಿಂದಕ್ಕೆ ಹೋಗುತ್ತದೆ, ಗಾಲಿ ಮುಂದಕ್ಕೆ ಬರುತ್ತದೆ. ಈ ಬ್ಲೇಡೂ ಹಾಗೇ. ಕಟ್ಟಿಗೇನೇ ಅದಕ್ಕೆ ನೆಲ. ಹಲ್ಲು ಜಾಸ್ತಿ ಕಚ್ಚಿತು ಅಂದರೆ ಕೊಯ್ಯೋದು ಬಿಟ್ಟು ಉರುಳೋಕೆ ಶುರು ಮಾಡುತ್ತದೆ. ಶುಕ್ರವಾರ ಆದದ್ದು ಅದೇ.

ಹಾಗಾಗಿ ಬಲಗೈ ಇರೋದು ಎಳೆಯೋದಕ್ಕಲ್ಲ, ತಡೆಯೋದಕ್ಕೆ. ಇಳಿಜಾರಲ್ಲಿ ಬಂಡಿ ಹೊಡೆಯುವವನು ಹಗ್ಗ ಹೇಗೆ ಹಿಡಿಯುತ್ತಾನೆ? ಹಾಗೆ. ಮೊಣಕೈ ಮಡಚಬೇಡ. ಭುಜದಿಂದ ಮುಂಗೈವರೆಗೆ ಒಂದೇ ಕೋಲಿನ ಹಾಗೆ ಇರಲಿ. ಮೈಯನ್ನೇ ಹಿಂದಕ್ಕೆ ಸರಿಸುತ್ತಾ ಬಾ. ಮೊಣಕೈ ಮಡಚಿ ಎಳೆದರೆ ಅದು ನುಗ್ಗಿದಾಗ ತಡೆಯುವ ಬಲ ನಿನ್ನಲ್ಲಿ ಉಳಿದಿರುವುದಿಲ್ಲ.

ಇನ್ನು ಬ್ಲೇಡ್ ಯಾವುದು ಹಾಕಿದ್ದೀಯ? ಹಲ್ಲು ಎಷ್ಟು? ಫೋಟೋ ಹಾಕು.

ಭಾಗ್ಯನಗರ ಬಡಿಗ – ಸೋಮವಾರ, ಬೆಳಗ್ಗೆ 7:15

ಕಾಕಾ, ನೀವು ಹೇಳಿದ ಹಾಗೆ ತಿರುಗಿಸಿ ನೋಡಿದೆ. ಬ್ಲೇಡನ್ನು ಸರಿಯಾದ ಕಡೆಗೇ ಕೂರಿಸಿದ್ದೇನೆ. 24 ಹಲ್ಲು, ಒಂದೊಂದೂ ಕೋಳಿ ಕೊಕ್ಕಿನ ಹಾಗೆ ಮುಂದಕ್ಕೆ ಬಾಗಿದೆ. ಮಷೀನಿನ ಜೊತೆ ಬಂದದ್ದೇ ಇದು. ಬೇವು ಬೇಗ ಕೊಯ್ಯುತ್ತದೆ ಅಂತ ಖುಷಿಯಾಗಿದ್ದೆ.

ಮೂಲೆಮಟ್ಟ – ಸೋಮವಾರ, ಬೆಳಗ್ಗೆ 7:52

ಅಲ್ಲೇ ಸಿಕ್ಕಿತು ನೋಡು ಕಳ್ಳ.

ಅದು ಟೇಬಲ್ ಸಾ (ಬ್ಲೇಡು ಮೇಜಿನ ಸೀಳಿನಿಂದ ಮೇಲೆ ಚಾಚಿರುವ ಮಷೀನು) ಮೇಲೆ ಉದ್ದ ಸೀಳುವ ಬ್ಲೇಡು. ಪರೀಕ್ಷೆ ಮಾಡುವುದು ಸುಲಭ. ಬ್ಲೇಡನ್ನು ಬಿಚ್ಚಿ ಮೇಜಿನ ಮೇಲೆ ಮಲಗಿಸು. ನಡುವಿನ ತೂತಿನ ಮಧ್ಯದಿಂದ ಒಂದು ಹಲ್ಲಿನ ತುದಿಗೆ ಸ್ಕೇಲ್ ಇಡು. ಹಲ್ಲಿನ ತುದಿ ತಿರುಗುವ ದಿಕ್ಕಿಗೆ ಚಾಚಿ, ಅದರ ಮುಖ ಸ್ಕೇಲಿನ ಹಿಂದಕ್ಕೆ ಸರಿದುಕೊಂಡು ಹೋಗಿದ್ದರೆ ಅದು ಪಾಸಿಟಿವ್ ಹುಕ್. ಮುಖ ಸ್ಕೇಲಿನ ಗೆರೆಗೇ ಕೂತರೆ ಸೊನ್ನೆ. ತುದಿಯೇ ಹಿಂದಕ್ಕೆ ಒರಗಿದ್ದರೆ ನೆಗೆಟಿವ್. ಸೀಳುವ ಬ್ಲೇಡಿಗೆ 20 ಡಿಗ್ರಿವರೆಗೂ ಪಾಸಿಟಿವ್ ಇರುತ್ತದೆ. ಟೇಬಲ್ ಸಾ ಮೇಲೆ ಅದು ಚಿನ್ನ. ಇಲ್ಲಿ ಗರಗಸವನ್ನು ನಿನ್ನ ಹೊಟ್ಟೆಯ ಕಡೆ ಎಳೆಯುವ ಕೊಕ್ಕೆ.

ಅಡ್ಡ ಕೊಯ್ಯಲು ಈ ಮಷೀನಿಗೆ ಸೊನ್ನೆ ಅಥವಾ ಮೈನಸ್ 5 ಡಿಗ್ರಿ ಆಸುಪಾಸಿನ ಹುಕ್ ಬೇಕು. 14 ಇಂಚಿಗೆ 80ರ ಹತ್ತಿರ ಹಲ್ಲು ಇರಲಿ. ನಿಧಾನ ಕೊಯ್ಯುತ್ತದೆ, ನಿನ್ನ ಮಾತು ಕೇಳುತ್ತದೆ. ಅಂಗಡಿಯಲ್ಲಿ "ನೆಗೆಟಿವ್ ಹುಕ್" ಅಂತಲೇ ಕೇಳು. ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ನಿನ್ನ ಮೋಟಾರಿಗಿಂತ ಜಾಸ್ತಿ ಇದೆಯಾ ಅಂತಾನೂ ನೋಡು.

ಕಂಪ್ಲಿ ಮೇಷ್ಟ್ರು – ಸೋಮವಾರ, ಬೆಳಗ್ಗೆ 8:30

ಹವ್ಯಾಸಕ್ಕೆ ಕಟ್ಟಿಗೆ ಕೆಲಸ ಮಾಡುವವನು ನಾನು, ವೃತ್ತಿ ಗಣಿತ. ಸುಮ್ನೆ ಒಂದು ಲೆಕ್ಕ ಹಾಕಿದೆ. 14 ಇಂಚು ಅಂದರೆ ಹೆಚ್ಚುಕಮ್ಮಿ 350 ಮಿಲಿಮೀಟರ್. ಒಂದು ಸುತ್ತಿಗೆ ಹಲ್ಲು 1.1 ಮೀಟರ್ ಓಡುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇಂಥ ಮೋಟಾರು ನಿಮಿಷಕ್ಕೆ 2850 ಸುತ್ತಿನ ಹತ್ತಿರ. ಗುಣಿಸಿದರೆ ಹಲ್ಲಿನ ವೇಗ ಗಂಟೆಗೆ 188 ಕಿಲೋಮೀಟರ್. ಹೊಸಪೇಟೆ ಹೈವೇಯಲ್ಲಿ ಯಾವ ಕಾರೂ ಆ ವೇಗದಲ್ಲಿ ಹೋಗುವುದನ್ನು ನಾನು ಕಂಡಿಲ್ಲ.

ಈ ಮಷೀನನ್ನು ಕಂಡುಹಿಡಿದದ್ದು ಅಮೆರಿಕದ ರೇಮಂಡ್ ಡಿವಾಲ್ಟ್, 1922ರಲ್ಲಿ. ಪೇಟೆಂಟ್ ಸಿಕ್ಕಿದ್ದು 1925ಕ್ಕೆ. ಒಂದೇ ಮಷೀನಿನಲ್ಲಿ ಎಲ್ಲ ಕೆಲಸ ಆಗುತ್ತದೆ ಅಂತ "ವಂಡರ್ ವರ್ಕರ್" ಎಂಬ ಹೆಸರಿಟ್ಟಿದ್ದರು. ಅಪಾಯ ಇರೋದೂ ಅಲ್ಲೇ ಅಂತ ನನಗನಿಸುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಮಷೀನು, ಆದರೆ ಕೆಲಸ ಬದಲಾದಾಗ ಹಲ್ಲಿನ ದಿಕ್ಕು, ನಿಲ್ಲುವ ಜಾಗ ಎಲ್ಲ ಬದಲಾಗುತ್ತದೆ.

ಹೊಸ ಕೈ – ಸೋಮವಾರ, ಬೆಳಗ್ಗೆ 9:12

ಒಂದು ಡೌಟು. ನಾನು ಸ್ಲೈಡಿಂಗ್ ಮೈಟರ್ ಸಾ ಕಲಿತವನು. ಅದರಲ್ಲಿ ಮೊದಲು ಖಾಲಿ ಎಳೆದು, ಕೆಳಗೆ ಒತ್ತಿ, ಆಮೇಲೆ ಫೆನ್ಸ್ ಕಡೆ ತಳ್ಳಬೇಕು ಅಂತ ಹೇಳಿಕೊಟ್ಟಿದ್ದಾರೆ. ಇದರಲ್ಲೂ ಹಾಗೇ ತಳ್ಳಿದರೆ ಮೈಮೇಲೆ ನುಗ್ಗುವ ಪ್ರಶ್ನೆಯೇ ಇಲ್ಲ ಅಲ್ವಾ?

ಮೂಲೆಮಟ್ಟ – ಸೋಮವಾರ, ಮಧ್ಯಾಹ್ನ 1:20

ಒಳ್ಳೇ ಪ್ರಶ್ನೆ. ಎಷ್ಟೋ ಜನ ಎಡವುವುದು ಇಲ್ಲೇ.

ಮೈಟರ್ ಸಾದಲ್ಲಿ ಬ್ಲೇಡು ಮೇಲಿಂದ ಕಟ್ಟಿಗೆಯೊಳಗೆ ಇಳಿಯುತ್ತದೆ, ಆಮೇಲೆ ತಳ್ಳುತ್ತೀಯ. ಇಲ್ಲಿ ಇಳಿಸುವುದು ಅನ್ನೋದೇ ಇಲ್ಲ. ಬ್ಲೇಡು ಮೊದಲಿಂದಲೂ ಪೂರ್ತಿ ಆಳದಲ್ಲಿ, ಮೇಜಿನ ಹಲಗೆಗೆ ತಾಗಿಯೇ ಇರುತ್ತದೆ. ಮುಂದಿನಿಂದ ತಳ್ಳಿದರೆ ಕಟ್ಟಿಗೆಗೆ ಮೊದಲು ತಗಲುವುದು ಬ್ಲೇಡಿನ ಹಿಂಬದಿ. ಆ ಹಲ್ಲುಗಳು ಕೆಳಗಿಂದ ಮೇಲಕ್ಕೆ ಏಳುತ್ತಿರುತ್ತವೆ. ಕಟ್ಟಿಗೆಯನ್ನು ಎತ್ತಿ ಫೆನ್ಸಿನ ಆಚೆ ಎಸೆಯಲು ನೋಡುತ್ತವೆ. ಅಷ್ಟೇ ಅಲ್ಲ, ಕಟ್ಟಿಗೆ ಇಡುವಾಗ ತಿರುಗುವ ಬ್ಲೇಡು ನಿನಗೂ ಕಟ್ಟಿಗೆಗೂ ನಡುವೆ ಇರುತ್ತದೆ. ಅದರ ಮೇಲೆ ಕೈ ಚಾಚಬೇಕು. ಬೇಡ.

ಇದರಲ್ಲಿ ಅಡ್ಡ ಕೊಯ್ತ ಅಂದರೆ ಹಿಂದಿನಿಂದ ಮುಂದಕ್ಕೆ, ಎಳೆಯೋದೇ. ಕೊಯ್ದಮೇಲೆ ತಲೆಯನ್ನು, ಅಂದರೆ ಮೋಟಾರು ಬ್ಲೇಡನ್ನು, ಫೆನ್ಸಿನ ಹಿಂದಕ್ಕೆ ವಾಪಸ್ ಒಯ್ಯಬೇಕು. ಆಮೇಲೆ ಸ್ವಿಚ್ ಆಫ್. ಬ್ಲೇಡು ಪೂರ್ತಿ ನಿಂತಮೇಲೆ ತುಂಡು ತೆಗೆ. ಮಷೀನು ಆಫ್ ಮಾಡಿದ ತಕ್ಷಣ ನಿಂತಿತು ಅಂದುಕೊಳ್ಳಬೇಡ. ನಮ್ಮ ಶಾಪಿನದು 20 ಸೆಕೆಂಡ್ ತಿರುಗುತ್ತಿತ್ತು. ಸದ್ದು ನಿಂತರೂ ಬ್ಲೇಡು ತಿರುಗುತ್ತಿರುತ್ತದೆ.

ವೈಂಡಿಂಗ್ ಅಂಗಡಿ (ಸಿಂಧನೂರು) – ಸೋಮವಾರ, ಸಂಜೆ 6:45

ಕಟ್ಟಿಗೆ ಬಗ್ಗೆ ನನಗೆ ಗೊತ್ತಿಲ್ಲ, ಮೋಟಾರು ಗೊತ್ತು. ಮೂರು ಫೇಸ್ ಅಂತ ಓದಿದ್ದಕ್ಕೆ ಬರೆಯುತ್ತಿದ್ದೇನೆ. ಕಾಕಾ ಕೈಯಿಂದ ತಿರುಗಿಸಿ ನೋಡು ಅಂದರು. ಅದರಿಂದ ಹಲ್ಲು ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗುತ್ತದೆ. ಕರೆಂಟ್ ಕೊಟ್ಟಾಗ ಮೋಟಾರು ಯಾವ ಕಡೆ ತಿರುಗುತ್ತದೆ ಅನ್ನೋದು ಬೇರೆ ಮಾತು.

ಬೋರ್ ಇರುವ ರೈತರಿಗೆ ಇದು ಗೊತ್ತು. ಲೈನ್ ರಿಪೇರಿ ಆಯಿತು, ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಯಿತು, ಎರಡು ಫೇಸ್ ಅದಲುಬದಲು ಆಗಿಬಿಟ್ಟಿತು ಅಂದರೆ ಮೋಟಾರು ಉಲ್ಟಾ ತಿರುಗುತ್ತದೆ. ಬೋರಿನಲ್ಲಿ ಆದರೆ ನೀರು ಕಮ್ಮಿ ಬರುತ್ತದೆ, ಅಷ್ಟೇ. ನಿಮ್ಮ ಗರಗಸದಲ್ಲಿ ಹಾಗಾದರೆ? ಬ್ಲೇಡಿನ ನಟ್ಟು ಇರೋದು ಸರಿ ದಿಕ್ಕಿನಲ್ಲಿ ತಿರುಗಿದಾಗ ಬಿಗಿಯಾಗುವ ಹಾಗೆ. ಉಲ್ಟಾ ತಿರುಗಿದರೆ ಸಡಿಲ ಆಗಬಹುದು.

ಮಾಡಬೇಕಾದದ್ದು ಇಷ್ಟು. ಬ್ಲೇಡ್ ಮುಚ್ಚುವ ಗಾರ್ಡ್ ಮೇಲೆ ಪೇಂಟಿನಲ್ಲಿ ದೊಡ್ಡ ಬಾಣದ ಗುರುತು ಹಾಕಿ. ಮಷೀನು ಜಾಗ ಬದಲಿಸಿದಾಗ, ಬೋರ್ಡಿನಲ್ಲಿ ಯಾರಾದರೂ ಕೈ ಹಾಕಿದಾಗ, ಊರಲ್ಲಿ ಲೈನ್ ಕೆಲಸ ಆದಾಗ, ಕಟ್ಟಿಗೆ ಇಡದೆ ಒಂದು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ. ನಿಲ್ಲುವ ಹೊತ್ತಿಗೆ ದಿಕ್ಕು ಕಾಣುತ್ತದೆ. ರಿವರ್ಸ್ ಫೇಸ್ ತಡೆಯುವ ರಿಲೇ ಸಿಗುತ್ತದೆ, ಪಂಪ್‌ಸೆಟ್ ಪ್ಯಾನೆಲ್‌ಗೆ ಹಾಕುವುದು ಅದನ್ನೇ. ಹಾಕಿಸಿಬಿಡಿ.

ಇನ್ನೊಂದು. ನಿಮ್ಮ ಮಷೀನಿಗೆ ಸ್ಟಾರ್ಟರ್ ಇದೆಯಾ, ಬರೀ ತಿರುಗಿಸುವ ಸ್ವಿಚ್ಚಾ?

ಭಾಗ್ಯನಗರ ಬಡಿಗ – ಸೋಮವಾರ, ರಾತ್ರಿ 8:10

ಬರೀ ತಿರುಗಿಸುವ ಸ್ವಿಚ್ಚು ರೀ.

ವೈಂಡಿಂಗ್ ಅಂಗಡಿ – ಸೋಮವಾರ, ರಾತ್ರಿ 8:22

ನಾಳೆಯೇ ಡಿಒಎಲ್ ಸ್ಟಾರ್ಟರ್ ಹಾಕಿಸಿ. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ. ನೀವು ಬೈದುಕೊಂಡು ಚಹಾಕ್ಕೆ ಹೋಗುತ್ತೀರಿ. ಸ್ವಿಚ್ಚು ಆನ್‌ನಲ್ಲೇ ಇದೆ. ಹುಡುಗ ಬಂದು ಮೇಜಿನ ಮೇಲಿನ ಹೊಟ್ಟು ಕೈಯಿಂದ ಸರಿಸುತ್ತಾನೆ. ಕರೆಂಟ್ ಬರುತ್ತದೆ. ಸ್ಟಾರ್ಟರ್ ಇದ್ದರೆ ಕರೆಂಟ್ ಹೋದ ಕೂಡಲೇ ಕಾಯಿಲ್ ಬಿಟ್ಟುಕೊಳ್ಳುತ್ತದೆ, ಮತ್ತೆ ಹಸಿರು ಬಟನ್ ಒತ್ತುವವರೆಗೂ ಮೋಟಾರು ತಿರುಗುವುದಿಲ್ಲ.

ರಾಯಚೂರು ಬಿಸಿಲು – ಸೋಮವಾರ, ರಾತ್ರಿ 10:30

ಉದ್ದ ಸೀಳುವುದರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಕಥೆ ಹೇಳುತ್ತೇನೆ.

ಆರು ವರ್ಷದ ಹಿಂದೆ ನಾನು ಒಬ್ಬರ ಹತ್ತಿರ ಕೆಲಸಕ್ಕಿದ್ದೆ. ಅಲ್ಲಿ ಇಂಥದ್ದೇ ಮಷೀನು. ಮೋಟಾರನ್ನು 90 ಡಿಗ್ರಿ ತಿರುಗಿಸಿ, ತೋಳಿಗೆ ಲಾಕ್ ಮಾಡಿ, ಸಾಗವಾನಿ ಪಟ್ಟಿ ಸೀಳುತ್ತಿದ್ದೆವು. ಮಾಲೀಕರು ಊಟಕ್ಕೆ ಹೋಗಿದ್ದರು. ಇನ್ನೊಂದು ಅಳತೆಗೆ ಮೋಟಾರನ್ನು ಆಚೆ ಮುಖ ತಿರುಗಿಸಿದೆ. ಕಟ್ಟಿಗೆ ಹಾಕುವ ಕಡೆ ಮಾತ್ರ ಬದಲಿಸಲಿಲ್ಲ, ಬೆಳಗ್ಗೆಯಿಂದ ಬಲಗಡೆ ನಿಂತು ರೂಢಿ. ಎರಡಡಿ ಉದ್ದದ ಪಟ್ಟಿ. ತುದಿ ಬ್ಲೇಡಿಗೆ ತಾಗಿದ್ದಷ್ಟೇ ನೆನಪು. ಕೈಯಿಂದ ಕಿತ್ತುಕೊಂಡು ಹೋಯಿತು. ಎದುರಿನ ತಗಡಿನ ಗೋಡೆಯಲ್ಲಿ ತೂತು. ಪಟ್ಟಿ ಆಚೆ ಓಣಿಯಲ್ಲಿ ಬಿದ್ದಿತ್ತು. ಅಮಾವಾಸ್ಯೆ ಅಂತ ಎದುರಿನ ಅಂಗಡಿ ಮುಚ್ಚಿತ್ತು, ಓಣಿಯಲ್ಲಿ ಯಾರೂ ಇರಲಿಲ್ಲ.

ಕೈಗವಸು ಹಾಕಿರಲಿಲ್ಲ, ಅದೇ ಉಳಿಸಿತು. ಹಾಕಿದ್ದರೆ ಪಟ್ಟಿಯ ಜೊತೆ ಕೈಯೂ ಹೋಗುತ್ತಿತ್ತು.

ಮೂಲೆಮಟ್ಟ – ಮಂಗಳವಾರ, ಬೆಳಗ್ಗೆ 6:30

ರಾಯಚೂರಿನ ತಮ್ಮ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ.

ಸೀಳುವಾಗ ಎಲ್ಲ ತಿರುವುಮುರುವು. ಈಗ ಗರಗಸ ನಿಂತಿರುತ್ತದೆ, ಕಟ್ಟಿಗೆ ಚಲಿಸುತ್ತದೆ. ಕೆಳಗಿನ ಹಲ್ಲು ಯಾವ ಕಡೆಗೆ ಓಡುತ್ತದೋ ಅದಕ್ಕೆ ಎದುರಾಗಿ ಕಟ್ಟಿಗೆ ತಳ್ಳಬೇಕು. ಹಲ್ಲಿನ ಜೊತೆಗೇ ತಳ್ಳಿದರೆ ಅದು ಕಸಿದುಕೊಂಡು ಎಸೆಯುತ್ತದೆ. ತಗಡು ತೂತಾದದ್ದು ಹಾಗೆ.

ಸಾಮಾನ್ಯವಾಗಿ ಈ ಮಷೀನುಗಳಲ್ಲಿ ಬ್ಲೇಡು ಮೋಟಾರಿನ ಎಡಕ್ಕೆ ಇರುತ್ತದೆ. ಅಂಥದ್ದರಲ್ಲಿ ಬ್ಲೇಡು ಕಂಬದ ಕಡೆ ಮುಖ ಮಾಡಿದಾಗ ಕಟ್ಟಿಗೆ ಬಲದಿಂದ ಎಡಕ್ಕೆ ಹೋಗಬೇಕು. ಬ್ಲೇಡು ನಿನ್ನ ಕಡೆ ಮುಖ ಮಾಡಿದಾಗ ಎಡದಿಂದ ಬಲಕ್ಕೆ. ಆದರೆ ಇದನ್ನು ಬಾಯಿಪಾಠ ಮಾಡಬೇಡಿ. ಪ್ರತಿ ಸಲ ಪ್ಲಗ್ ಕಿತ್ತು, ಕೈಯಿಂದ ಬ್ಲೇಡ್ ತಿರುಗಿಸಿ, ಬಾಣದ ಗುರುತು ನೋಡಿ. ಬಾಯಿಪಾಠ ಊಟದ ಹೊತ್ತಲ್ಲಿ ಮರೆತುಹೋಗುತ್ತದೆ.

ಅಮೆರಿಕದ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಓಶಾ ಸಂಸ್ಥೆಯ ನಿಯಮ 1910.213ರಲ್ಲಿ ರೇಡಿಯಲ್ ಗರಗಸಕ್ಕೇ ಒಂದು ಭಾಗ ಇದೆ. ತಿರುಗುವ ದಿಕ್ಕನ್ನು ಗಾರ್ಡ್ ಮೇಲೆ ಎದ್ದುಕಾಣುವಂತೆ ಗುರುತಿಸಬೇಕು. ಈ ತುದಿಯಿಂದ ಕಟ್ಟಿಗೆ ಹಾಕಬೇಡಿ ಅಂತ ಗಾರ್ಡಿನ ಹಿಂಭಾಗದಲ್ಲಿ ಪಟ್ಟಿ ಇರಬೇಕು. ಸೀಳುವಾಗ ಕಟ್ಟಿಗೆ ಹಿಂದಕ್ಕೆ ಬರದ ಹಾಗೆ ಹಿಡಿಯುವ ಉಗುರುಗಳು ಇರಬೇಕು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಕೂಡ ಮಷೀನಿನ ಅಪಾಯದ ಭಾಗಕ್ಕೆ ಭದ್ರವಾದ ರಕ್ಷಣೆ ಇರಲೇಬೇಕು ಅನ್ನುತ್ತಿತ್ತು. ನಮ್ಮ ಶೆಡ್ಡುಗಳಲ್ಲಿ ಗಾರ್ಡ್ ಬಿಚ್ಚಿ ಅಟ್ಟದ ಮೇಲೆ ಇಟ್ಟಿರುತ್ತೇವೆ, ಅದು ಬೇರೆ ಮಾತು.

ಸರಿಯಾದ ಕಡೆಯಿಂದ ಹಾಕಿದರೂ ಎರಡು ತೊಂದರೆ ಇವೆ. ಹಾಕುವ ಕಡೆಯ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ, ಕಟ್ಟಿಗೆಯನ್ನು ಎತ್ತುತ್ತದೆ. ಅದಕ್ಕೆ ಗಾರ್ಡಿನ ಮೂತಿಯನ್ನು ಆ ಕಡೆ ಇಳಿಸಿ, ಕಟ್ಟಿಗೆಗೂ ಅದಕ್ಕೂ ಒಂದು ಸೂತು (ಇಂಚಿನ ಎಂಟನೇ ಒಂದು ಭಾಗ) ಅಂತರ ಮಾತ್ರ ಬಿಡಿ. ಎರಡನೇದು, ಸೀಳಿದ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ, ಆಗ ಕಟ್ಟಿಗೆ ನಿಮ್ಮ ಹೊಟ್ಟೆಗೆ ವಾಪಸ್ ಬರುತ್ತದೆ. ಆ ಉಗುರುಗಳನ್ನು ಹೊರಬರುವ ಕಡೆ ಇಳಿಸಿಡುವುದು ಅದಕ್ಕೇ. ಕಟ್ಟಿಗೆಯ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕೊನೆಯ ಒಂದಡಿಯನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಿ.

ನನ್ನನ್ನು ಕೇಳಿದರೆ, ಭಾಗ್ಯನಗರದ ತಮ್ಮಾ, ನಿನ್ನ ಹತ್ತಿರ ಟೇಬಲ್ ಸಾ ಇದ್ದರೆ ಸೀಳೋದನ್ನು ಅದರಲ್ಲೇ ಮಾಡು. ಈ ಮಷೀನು ಸೀಳಬಲ್ಲದು. ಸೀಳಲೇಬೇಕು ಅಂತೇನಿಲ್ಲ.

ಭಾಗ್ಯನಗರ ಬಡಿಗ – ಮಂಗಳವಾರ, ರಾತ್ರಿ 9:00

ಟೇಬಲ್ ಸಾ ಇದೆ ಕಾಕಾ, ಚಿಕ್ಕದು. ಸೀಳೋದು ಇನ್ನು ಅದರಲ್ಲೇ.

ಇವತ್ತು ಗಾರ್ಡ್ ಹುಡುಕಿದೆ. ನೀವು ಹೇಳಿದ ಹಾಗೆ ಅಟ್ಟದ ಮೇಲೇ ಇತ್ತು! ಮಷೀನಿನ ಜೊತೆ ಬಂದ ಚೀಲದಲ್ಲಿ ಸುತ್ತಿಟ್ಟಿದ್ದೆ. ನಾಚಿಕೆ ಆಯಿತು.

ಕಂಪ್ಲಿ ಮೇಷ್ಟ್ರು – ಮಂಗಳವಾರ, ರಾತ್ರಿ 9:25

ನಾಚಿಕೆ ಯಾಕೆ. 2000ದಲ್ಲಿ ಅಮೆರಿಕದಲ್ಲಿ ಕ್ರಾಫ್ಟ್ಸ್‌ಮನ್ ಹೆಸರಿನ ರೇಡಿಯಲ್ ಗರಗಸಗಳಿಗೆ ಹೊಸ ಗಾರ್ಡ್ ಕೊಡುವ ದೊಡ್ಡ ರೀಕಾಲ್ ನಡೆಯಿತು. 1958ರಿಂದ 1992ರ ನಡುವೆ ಮಾರಿದ ಸುಮಾರು 37 ಲಕ್ಷ ಮಷೀನು. ಮೊದಲಿದ್ದ ಗಾರ್ಡ್ ಬ್ಲೇಡನ್ನು ಪೂರ್ತಿ ಮುಚ್ಚುತ್ತಿರಲಿಲ್ಲ ಅನ್ನೋದೇ ಕಾರಣ. ನಿಮ್ಮದು ಕೆಳಭಾಗದ ಎರಡೂ ಪಕ್ಕ ಮುಚ್ಚುತ್ತದಾ, ಕಟ್ಟಿಗೆ ಬಂದಾಗ ತಾನೇ ಮೇಲೇಳುತ್ತದಾ ನೋಡಿ.

ಹೊಸ ಕೈ – ಬುಧವಾರ, ಬೆಳಗ್ಗೆ 10:10

ಕಾಕಾ, 45 ಡಿಗ್ರಿ? ಬೀಡಿಂಗ್ ಪಟ್ಟಿ ಕೊಯ್ದರೆ ನಾಲ್ಕನೇ ಮೂಲೆ ಯಾವತ್ತೂ ಕೂಡುವುದೇ ಇಲ್ಲ.

ಮೂಲೆಮಟ್ಟ – ಬುಧವಾರ, ಮಧ್ಯಾಹ್ನ 2:40

ತೋಳು ತಿರುಗಿಸಿ ಕೊಯ್ಯುವಾಗ ಹಲ್ಲು ಕಟ್ಟಿಗೆಯನ್ನು ಫೆನ್ಸಿನ ಉದ್ದಕ್ಕೆ ಜಾರಿಸುತ್ತದೆ. ಕೂದಲೆಳೆಯಷ್ಟು ಜಾರಿದರೂ ನಾಲ್ಕು ಮೂಲೆಯಲ್ಲಿ ಕೂಡಿ ಒಂದು ಸೂತು ಆಗುತ್ತದೆ. ಫೆನ್ಸಿನ ಮುಖಕ್ಕೆ ಸ್ಯಾಂಡ್ ಪೇಪರ್ ಅಂಟಿಸು, ಇಲ್ಲವೇ ಕ್ಲಾಂಪ್ ಹಾಕು. ಕೈಯಲ್ಲಿ ಜಾಸ್ತಿ ಒತ್ತಿ ಹಿಡಿಯುತ್ತೇನೆ ಅಂತ ಬ್ಲೇಡಿನ ಹತ್ತಿರ ಕೈ ತರಬೇಡ. ನೇರ ಕೊಯ್ತದಲ್ಲಿ ಬ್ಲೇಡು ಬರುವ ದಾರಿಯಿಂದ ಆರು ಇಂಚು ದೂರ ಅಂತ ಲೆಕ್ಕ. ಓರೆ ಕೊಯ್ತದಲ್ಲಿ ಆ ದಾರಿಯೇ ಓರೆ. ಶುರುವಿನಲ್ಲಿ ದೂರ ಇದ್ದ ಕೈ ಕೊನೆಯಲ್ಲಿ ಹತ್ತಿರ ಆಗಿರುತ್ತದೆ. ಮೇಜಿನ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದುಬಿಡು, ಅದರ ಒಳಗೆ ಕೈ ಇಲ್ಲ. ಒಂದು ಗೇಣಿಗಿಂತ ಚಿಕ್ಕ ತುಂಡಾದರೆ ಕೈಯಲ್ಲಿ ಹಿಡಿಯಲೇಬೇಡ.

ಬ್ಲೇಡನ್ನೇ ವಾಲಿಸುವ ಕೊಯ್ತದಲ್ಲಿ ಮೊದಲು ತೋಳನ್ನು ಮೇಲೆತ್ತಿ, ಆಮೇಲೆ ವಾಲಿಸಿ, ಲಾಕ್ ಮಾಡಿ, ಆಮೇಲೆ ಇಳಿಸಬೇಕು. ಹಲ್ಲು ಮೇಜಿನ ಮೇಲೆ ಬೇರೆಯೇ ಜಾಗದಲ್ಲಿ ಬೀಳುತ್ತದೆ. ಕರೆಂಟ್ ಇಲ್ಲದೆ ಒಮ್ಮೆ ಎಳೆದು ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಇನ್ನು ಮೂಲೆ ಕೂಡದಿರುವುದಕ್ಕೆ ದೊಡ್ಡ ಕಾರಣ ಹೊಟ್ಟು. ಫೆನ್ಸಿಗೂ ಕಟ್ಟಿಗೆಗೂ ನಡುವೆ ಒಂದು ಚಕ್ಕೆ ಸಿಕ್ಕಿಕೊಂಡರೆ ಮೂಲೆಮಟ್ಟ ಕೆಟ್ಟಿತು. ಪ್ರತಿ ಸಲ ಬ್ರಷ್‌ನಿಂದ ಗುಡಿಸು. ಬ್ರಷ್ಷು, ಕೈ ಅಲ್ಲ.

ರಾಯಚೂರು ಬಿಸಿಲು – ಬುಧವಾರ, ಸಂಜೆ 7:05

ಬಾಗಿದ ಕಟ್ಟಿಗೆ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಬಿಸಿಲಲ್ಲಿ ನೇರ ಕಟ್ಟಿಗೆ ಸಿಗೋದೇ ಕಮ್ಮಿ. ಬೇವು ಸರಿಯಾಗಿ ಒಣಗದಿದ್ದರೆ ಹಗ್ಗದ ಹಾಗೆ ತಿರುಚಿಕೊಳ್ಳುತ್ತದೆ. ಬ್ಲೇಡು ಬೀಳುವ ಜಾಗದಲ್ಲಿ ಕಟ್ಟಿಗೆ ಮೇಜಿಗೂ ಫೆನ್ಸಿಗೂ ಅಂಟಿರಬೇಕು. ಅಲ್ಲಿ ಸಂದು ಇದ್ದರೆ ಕೊಯ್ಯುತ್ತಾ ಕೊನೆಗೆ ಬರುವಾಗ ಕಟ್ಟಿಗೆ ಕುಸಿದು ಬ್ಲೇಡನ್ನು ಕಚ್ಚುತ್ತದೆ. ಉಬ್ಬಿದ ಅಂಚು ಫೆನ್ಸಿಗೆ ಬರಲಿ. ಉದ್ದ ಕಟ್ಟಿಗೆ ಆದರೆ ಆ ತುದಿಗೆ ಸ್ಟ್ಯಾಂಡ್ ಇಡಿ. ಹುಡುಗನನ್ನು ಹಿಡಿಯಲು ನಿಲ್ಲಿಸಬೇಡಿ, ಅವನು ಮೊಬೈಲ್ ನೋಡುತ್ತಾ ತುದಿ ಎತ್ತುತ್ತಾನೆ.

ಭಾಗ್ಯನಗರ ಬಡಿಗ – ಬುಧವಾರ, ರಾತ್ರಿ 9:50

ಇನ್ನೊಂದು ಕೇಳುತ್ತೇನೆ. ಚೌಕಟ್ಟಿನ ಮೂಲೆಗೆ ಅರ್ಧಕ್ಕೆ ಅರ್ಧ ತೆಗೆದು ಒಂದರ ಮೇಲೊಂದು ಕೂರಿಸಬೇಕು. ಅದಕ್ಕೆ ಅಗಲ ತೋಡು ಕೊರೆಯುವ ಡಾಡೋ ಬ್ಲೇಡ್ ಸೆಟ್ ತರಲಾ?

ಮೂಲೆಮಟ್ಟ – ಗುರುವಾರ, ಬೆಳಗ್ಗೆ 6:15

ಈಗಲೇ ಬೇಡ. ಒಂದು ಬ್ಲೇಡೇ ನಿನ್ನ ಮೇಲೆ ನುಗ್ಗಿತ್ತು. ಡಾಡೋ ಅಂದರೆ ನಾಲ್ಕೈದು ಬ್ಲೇಡು ಒಟ್ಟಿಗೆ ಕಚ್ಚಿದ ಹಾಗೆ. ಮುಂದೆ ತಂದರೂ ಒಂದೇ ಸಲಕ್ಕೆ ಕಾಲಿಂಚಿಗಿಂತ ಆಳ ಹೋಗಬೇಡ.

ಇರುವ ಬ್ಲೇಡಿನಲ್ಲೇ ಮಾಡು. ತೋಳನ್ನು ಎತ್ತಿ, ಅರ್ಧ ದಪ್ಪಕ್ಕೆ ನಿಲ್ಲಿಸು. ಮೊದಲು ಒಂದು ರದ್ದಿ ತುಂಡಿನ ಎರಡು ತುದಿ ಕೊಯ್ದು ಒಂದಕ್ಕೊಂದು ಕೂರಿಸಿ ನೋಡು, ಸಮ ಬಂದರೆ ಆಳ ಸರಿ. ಆಮೇಲೆ ಗುರುತಿನ ಗೆರೆಯಿಂದ ಶುರು ಮಾಡಿ ನಡುವೆ ಒಂದೊಂದು ಸೂತು ಬಿಡುತ್ತಾ ಕೊಯ್ಯಿ. ಬಾಚಣಿಗೆಯ ಹಲ್ಲಿನ ಹಾಗೆ ತೆಳ್ಳಗೆ ನಿಲ್ಲುತ್ತವೆ. ಸುತ್ತಿಗೆಯಿಂದ ತಟ್ಟಿದರೆ ಮುರಿದು ಬೀಳುತ್ತವೆ. ಉಳಿಯಿಂದ ತಳ ಸವರು. ಹದಿನೆಂಟು ಚೌಕಟ್ಟಿಗೆ ಎಷ್ಟು ಹೊತ್ತು ಬೇಕು? ಅಪ್ಪನನ್ನು ಉಳಿ ಹಿಡಿಯಲು ಕರಿ, ಬೇಗ ಆಗುತ್ತದೆ.

ಆ ಮುಂಚೆ ಮಷೀನಿನ ಓಲಾಟ ನೋಡು. ತಲೆಯನ್ನು ಮುಂದೆ ತಂದು ಕೈ ಬಿಟ್ಟರೆ ಅದು ತಾನಾಗಿ ನಿಧಾನವಾಗಿ ಕಂಬದ ಕಡೆ ವಾಪಸ್ ಹೋಗಬೇಕು. ಅದಕ್ಕೆ ಮುಂಭಾಗ ಒಂದು ಚೂರು ಎತ್ತರ ಇರಬೇಕು, ಇದೂ ಆ ಓಶಾ ನಿಯಮದಲ್ಲಿದೆ. ನಿನ್ನದು ಮುಂದಕ್ಕೆ ಉರುಳುತ್ತಿದ್ದರೆ ಮುಂದಿನ ಕಾಲಿನ ಕೆಳಗೆ ತಗಡು ಇಡು. ಬೇಕಾದಷ್ಟು ಮುಂದೆ ಬಂದಮೇಲೆ ತಲೆ ನಿಲ್ಲುವ ಹಾಗೆ ತೋಳಿಗೆ ಸ್ಟಾಪ್ ಇರುತ್ತದೆ, ಅದನ್ನೂ ಬಿಗಿ ಮಾಡು.

ಮತ್ತೆ ಹೆಗಲ ಮೇಲಿನ ಟವೆಲ್, ಕೈಗೆ ಕಟ್ಟಿದ ದಾರ, ತುಂಬುತೋಳಿನ ಅಂಗಿಯ ಬಿಚ್ಚಿದ ಗುಂಡಿ. ನಿನಗೆ ಗೊತ್ತು.

ಗಂಗಾವತಿ ಪ್ಲೈ – ಗುರುವಾರ, ಬೆಳಗ್ಗೆ 11:00

ಕಾಕಾ, ಗುಜರಿ ಅಂದದ್ದು ವಾಪಸ್ ತಗೊಂಡೆ. ಆದರೆ ಇಷ್ಟೆಲ್ಲ ನೋಡಿಕೊಂಡು ಕೆಲಸ ಮಾಡೋದಾದರೆ ನನ್ನ ಮೈಟರ್ ಸಾ ನನಗೆ ಸಾಕು ರೀ.

ಮೂಲೆಮಟ್ಟ – ಗುರುವಾರ, ಬೆಳಗ್ಗೆ 11:20

ನಿನ್ನದಕ್ಕೂ ಇಷ್ಟೇ ನೋಡಬೇಕು ತಮ್ಮಾ. ನೀನು ನೋಡುತ್ತಿಲ್ಲ.

ಭಾಗ್ಯನಗರ ಬಡಿಗ – 19 ದಿನದ ನಂತರ, ರಾತ್ರಿ 8:35

ಹೊಸ ಬ್ಲೇಡ್ ಬಂತು, 84 ಹಲ್ಲು, ಮೈನಸ್ 5. ಸ್ಟಾರ್ಟರ್, ರಿಲೇ ಎರಡೂ ಹಾಕಿಸಿದೆ. ಗಾರ್ಡ್ ಮೇಲೆ ಹಳದಿ ಬಾಣ. ಮುಂದಿನ ಕಾಲಿಗೆ ಎರಡು ತಗಡು. ಮೊದಲ ಸಲ ಎಳೆದಾಗ ನಂಬಿಕೆ ಬರಲಿಲ್ಲ. ನಾನು ನಿಲ್ಲಿಸಿದರೆ ಅದೂ ನಿಂತಿತು. ಅದೇ ಬೇವು, ಅದೇ ದಪ್ಪ.

ಮೊನ್ನೆ ನಮ್ಮ ಓಣಿಯಲ್ಲಿ ಲೈನ್ ಕೆಲಸ ಆಯಿತು. ಬೆಳಗ್ಗೆ ಹಸಿರು ಬಟನ್ ಒತ್ತಿದರೆ ಮೋಟಾರು ಏಳಲೇ ಇಲ್ಲ, ರಿಲೇಯಲ್ಲಿ ಕೆಂಪು ದೀಪ. ಫೇಸ್ ಉಲ್ಟಾ ಆಗಿತ್ತು. ಸಿಂಧನೂರಿನ ಅಣ್ಣನಿಗೆ ಒಂದು ಊಟ ಬಾಕಿ.

ಹದಿನೆಂಟೂ ಮುಗಿದವು. ಉಳಿ ಕೆಲಸ ಅಪ್ಪನದು. ಕೈಗರಗಸ ಇನ್ನೂ ಮೇಜಿನ ಪಕ್ಕದಲ್ಲೇ ಇದೆ, ಅವರು ತೆಗೆಯುತ್ತಿಲ್ಲ, ನಾನೂ ತೆಗೆದಿಲ್ಲ.

ಹೊಸ ಕೈ – ಅದೇ ದಿನ, ರಾತ್ರಿ 9:02

ಆ 24 ಹಲ್ಲಿನ ಹಳೇ ಬ್ಲೇಡ್ ಮಾರುತ್ತೀರಾ ಅಣ್ಣಾ? ನನ್ನ ಟೇಬಲ್ ಸಾಗೆ 14 ಇಂಚು ಹಿಡಿಯುತ್ತದೆ.

ಭಾಗ್ಯನಗರ ಬಡಿಗ – ಅದೇ ದಿನ, ರಾತ್ರಿ 9:10

ಕೊಡುತ್ತೇನೆ ತಮ್ಮಾ, ನನ್ನ ಚಿಕ್ಕ ಮಷೀನಿಗೆ ಅದು ಹಿಡಿಯುವುದಿಲ್ಲ. ಆದರೆ ನಡುವಿನ ತೂತು 30 ಮಿಲಿಮೀಟರ್. ನಿನ್ನ ಶಾಫ್ಟ್ ಎಷ್ಟು?

ಹೊಸ ಕೈ – ಅದೇ ದಿನ, ರಾತ್ರಿ 9:14

25.4. ತಗಡು ಸುತ್ತಿ ಕೂರಿಸಿಕೊಳ್ಳುತ್ತೇನೆ ಬಿಡಿ.

ಮೂಲೆಮಟ್ಟ – ಅದೇ ದಿನ, ರಾತ್ರಿ 9:15

ಏಯ್! ತೂತಿಗೆ ಕೂರುವ ಅಳತೆಯ ಬುಷ್ ಬಳೆ ತಂದಮೇಲೆ ಮಾತಾಡು. ಅಲ್ಲಿವರೆಗೂ ಭಾಗ್ಯನಗರದವನೇ, ಇವನಿಗೆ ಬ್ಲೇಡ್ ಕೊಡಬೇಡ.